ಲೆಂಟಿನಲ್ಲಿ ಒಂದು ಅಧ್ಯಾಯ, ಕನ್ನಡದಲ್ಲಿ, ಗಟ್ಟಿಯಾಗಿ

ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಲೆಂಟ್, ಅದು ಶುರುವಾಗುವ ಬೂದಿ ಬುಧವಾರ ಆದಾಗಿನಿಂದ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಮಾತು, ಯಾರು ಏನು ಬಿಟ್ಟರು ಅಂತ. ಒಬ್ಬರು ಮಟನ್ ಬಿಟ್ಟಿದ್ದಾರೆ, ಒಬ್ಬರು ಚಹಾ, ತಮ್ಮನ ಮಗ ಇನ್‌ಸ್ಟಾಗ್ರಾಮ್. ಬಿಡಲಿ, ಒಳ್ಳೆಯದೇ. ಭಾನುವಾರಗಳನ್ನು ಕಳೆದು 40 ದಿನ ಒಂದು ಆಸೆಯನ್ನು ದೂರ ಇಡುವುದು ಸಣ್ಣ ಮಾತಲ್ಲ. ಆದರೆ ಬಿಡುವುದರ ಜೊತೆಗೆ ಒಂದನ್ನು ಹಿಡಿಯೋಣ ಅಂತ ನನಗೆ ಈ ಸಲ ಬಲವಾಗಿ ಅನ್ನಿಸಿದೆ. ದಿನಕ್ಕೆ ಸತ್ಯವೇದದ, ಅಂದರೆ ಬೈಬಲ್ಲಿನ, ಒಂದು ಅಧ್ಯಾಯ, ಪೂರ್ತಿ, ಕನ್ನಡದಲ್ಲಿ, ಮನೆಯವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ.

ನಾವು ಬೆಟಗೇರಿ ಕಡೆಯವರು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಸಭೆಯಲ್ಲಿ ಬೆಳೆದವರು. ಪುಣೆಗೆ ಬಂದು 22 ವರ್ಷ ಆಯಿತು, ಮನೆ ಚಿಂಚವಡದಲ್ಲಿ. ಮಗಳು ಹುಟ್ಟಿದ್ದು ಇಲ್ಲೇ. ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಡುವಾಗ ಮರಾಠಿ, ಅಜ್ಜಿಯ ಹತ್ತಿರ ಮಾತ್ರ ಕನ್ನಡ. ಮನೆ ಪ್ರಾರ್ಥನೆಯಲ್ಲಿ ಅವಳು ಫೋನಿನಿಂದ ಇಂಗ್ಲಿಷಿನಲ್ಲಿ ಓದುತ್ತಿದ್ದಳು, ಚೆನ್ನಾಗಿಯೇ ಓದುತ್ತಿದ್ದಳು. ಅವ್ವ ಕೈಮುಗಿದು ಕೂತಿರುತ್ತಿದ್ದರು. ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಕೇಳಿದರು, "ಇವತ್ತ ಯಾವ ವಾಕ್ಯ ಓದಿದ್ರಿ?" ದಾವೀದನ ಕೀರ್ತನೆ 23 ಓದಿದ್ದೆವು. ಅವ್ವನಿಗೆ ಅದು ಚಿಕ್ಕಂದಿನಿಂದ ಬಾಯಿಪಾಠ. ತನ್ನ ಮನೆಯಲ್ಲೇ, ತನ್ನ ಎದುರಿಗೇ ಓದಿದ್ದು ಅವರಿಗೆ ಗೊತ್ತಾಗಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಅದನ್ನೇ ಕನ್ನಡದಲ್ಲಿ ಓದಿದೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಮಗಳು ತಟ್ಟನೆ ತಲೆ ಎತ್ತಿದಳು. "ಕುರುಬ ಅಂದರೆ ಚಾಕಣ ರಸ್ತೆಯಲ್ಲಿ ನೋಡಿದೆವಲ್ಲ, ಅವರಾ?"

ಹೌದು, ಅವರೇ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಧನಗರರ ಒಂದು ಹಿಂಡು ರಸ್ತೆ ದಾಟುತ್ತಿತ್ತು. ಪ್ರತಿವರ್ಷ ಹಾಗೆಯೇ, ಮಳೆ ನಿಂತ ಮೇಲೆ ಕೊಂಕಣದ ಕಡೆ ಇಳಿಯುತ್ತಾರೆ. ಕುದುರೆಯ ಮೇಲೆ ಇಡೀ ಸಂಸಾರ, ಪಾತ್ರೆ, ಕೋಳಿ, ನಡೆಯಲಾಗದ ಮರಿಗಳು. ಹೆಗಲ ಮೇಲೆ ಕಂಬಳಿ ಹಾಕಿದ್ದ ಹಿರಿಯರೊಬ್ಬರು ಆಗಷ್ಟೇ ಹುಟ್ಟಿದ ಮರಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೋಲು ಅಡ್ಡ ಹಿಡಿದು ಲಾರಿಗಳನ್ನು ನಿಲ್ಲಿಸಿದ್ದರು. ಹಿಂದೆ ಹಾರ್ನ್ ಹೊಡೆಯುತ್ತಿದ್ದರು, ಅವರು ತಿರುಗಿ ನೋಡಲಿಲ್ಲ. ಕೊನೆಯ ಕುರಿ ದಾಟುವವರೆಗೆ ಅಲ್ಲೇ ನಿಂತರು.

ಇಂಗ್ಲಿಷಿನ ಕೀರ್ತನೆ ಓದುವಾಗ ಮಗಳ ಕಣ್ಣಿಗೆ ಬರುತ್ತಿದ್ದದ್ದು ಕ್ಯಾಲೆಂಡರಿನ ಚಿತ್ರ. ಬಿಳಿ ನಿಲುವಂಗಿ, ಹಸಿರು ಹುಲ್ಲು, ತೊಳೆದಿಟ್ಟಂಥ ಕುರಿಗಳು. ಕನ್ನಡದಲ್ಲಿ ಓದಿದಾಗ ಬೆವರಿನ, ಧೂಳಿನ, ಕಂಬಳಿಯ ಮನುಷ್ಯ ಬಂದ. ಮುಂದೆ "ದೊಣ್ಣೆ", "ಕೋಲು" ಅನ್ನುವ ಮಾತು ಬರುತ್ತದೆ, ಅದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. "ತಂಗಿಸುತ್ತಾನೆ" ಅನ್ನುವಲ್ಲಿ ಅವ್ವ ತಡೆದು, ಕುರಿಯವರು ರಾತ್ರಿ ಯಾರದೋ ಹೊಲದಲ್ಲಿ ಹಿಂಡು ತಂಗಿಸಿದರೆ ಹೊಲದವರು ಗೊಬ್ಬರ ಆಯಿತು ಅಂತ ಕಾಳು ಕೊಡುತ್ತಿದ್ದದ್ದು, ರಾತ್ರಿಯಿಡೀ ಕುರುಬರು ಎದ್ದಿರುತ್ತಿದ್ದದ್ದು, ಎಲ್ಲ ಹೇಳಿದರು. ಅರ್ಧ ಗಂಟೆ ಒಂದೇ ಕೀರ್ತನೆಯಲ್ಲಿ ಕೂತಿದ್ದೆವು.

ಪುಣೆಯಲ್ಲಿ ಇದ್ದುಕೊಂಡು ಈ ಮಾತು ಆಡುವಾಗ ಪಂಡಿತಾ ರಮಾಬಾಯಿ ನೆನಪಾಗದೆ ಇರುವುದಿಲ್ಲ. ನಮ್ಮ ನೆಲದ ಹೆಣ್ಣುಮಗಳು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಈಕೆ 1858ರಲ್ಲಿ ಹುಟ್ಟಿದ್ದು ಗಂಗಾಮೂಲದ ಕಾಡಿನಲ್ಲಿ. ಸಂಸ್ಕೃತದಲ್ಲಿ ಎಂಥ ವಿದ್ವತ್ತು ಅಂದರೆ ಕಲ್ಕತ್ತದ ಪಂಡಿತರೇ ಮೆಚ್ಚಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಆಯಿತು, ಕ್ರೈಸ್ತರಾದರು. ಆಮೇಲೆ ಇಲ್ಲಿಂದ ದೌಂಡ್ ಕಡೆಗೆ ಹೋಗುವ ದಾರಿಯ ಕೆಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನೂ ವಿಧವೆಯರನ್ನೂ ತಂದು ಸಾಕಿದರು. ಆಗ ಇದ್ದ ಮರಾಠಿ ಸತ್ಯವೇದದಲ್ಲಿ ಸಂಸ್ಕೃತದ ಮಾತು ಜಾಸ್ತಿ, ಹಳ್ಳಿಯಿಂದ ಬಂದ ಹೆಂಗಸರಿಗೆ ತಿಳಿಯುವುದಿಲ್ಲ ಅಂತ ಅವರಿಗೆ ಅನ್ನಿಸಿತು. ಹೀಬ್ರೂ, ಗ್ರೀಕ್ ಕಲಿತು, ವರ್ಷಗಟ್ಟಲೆ ಕೂತು, ಇಡೀ ಸತ್ಯವೇದವನ್ನು ಸರಳ ಮರಾಠಿಗೆ ತಂದರು. 1922ರ ಏಪ್ರಿಲ್ 5ರಂದು ತೀರಿಕೊಂಡರು. ಸಂಸ್ಕೃತದಲ್ಲಿ ದೇಶಕ್ಕೇ ಹೆಸರಾದವರು ಬೀಸುವ ಕಲ್ಲಿನ ಮುಂದೆ ಕೂತವಳಿಗೆ ತಿಳಿಯಲಿ ಅಂತ ಸಂಸ್ಕೃತವನ್ನೇ ಪಕ್ಕಕ್ಕೆ ಇಟ್ಟರು. ನನಗೆ ಇದಕ್ಕಿಂತ ದೊಡ್ಡ ಉಪವಾಸ ಗೊತ್ತಿಲ್ಲ.

ನಮಗೂ ಈ ಸತ್ಯವೇದ ಸುಮ್ನೆ ಸಿಕ್ಕಿದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತರು. ಕನ್ನಡ ಸತ್ಯವೇದದ ಭಾಷೆ ಹಳೆಯದು, ಕಷ್ಟ ಅಂತ ಕೆಲವರು ಹೇಳುತ್ತಾರೆ. ಇರಬಹುದು, ಈಗ ಸುಲಭ ಕನ್ನಡದ ಅನುವಾದಗಳೂ ಇವೆ, ಅದನ್ನು ಓದಿ. ಅಕ್ಷರ ಬಾರದಿದ್ದರೆ ಆಡಿಯೋ ಹಾಕಿ ಕೇಳಿ. ಫೋನೇ ಬೇಡ ಅನ್ನುವವಳು ನಾನಲ್ಲ.

ಆದರೆ ಅಧ್ಯಾಯ ಪೂರ್ತಿ ಓದಿ. ಬೆಳಿಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ಯೆರೆಮೀಯ 29:11 ಬಂದಿರುತ್ತದೆ, ನಿಮಗಾಗಿ ಒಳ್ಳೆಯ ಯೋಚನೆಗಳಿವೆ ಅಂತ. ಹಿಂದಿನ ವಚನ ಯಾರೂ ಕಳಿಸುವುದಿಲ್ಲ. ಅಲ್ಲಿ 70 ವರ್ಷ ಕಾಯಬೇಕು ಅಂತಿದೆ! ಅದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅನ್ನುತ್ತದೆ. ನಮ್ಮನ್ನು ಯಾರೂ ಸೆರೆ ಒಯ್ದಿಲ್ಲ, ಹೊಟ್ಟೆಪಾಡಿಗೆ ಬಂದವರು. ಆದರೂ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತು ಎಷ್ಟು ಹತ್ತಿರದ್ದು ಅಲ್ವಾ? ಒಂದು ವಚನ ಕತ್ತರಿಸಿ ಕಳಿಸಿದರೆ ಇದೆಲ್ಲ ಹೋಯಿತು. ಅದನ್ನು ಓದಿದ ದಿನ ಅವ್ವ ಮೊದಲ ಸಲ ಪುಣೆಗೋಸ್ಕರ ಪ್ರಾರ್ಥನೆ ಮಾಡಿದರು. ಯಾವಾಗಲೂ ಬೆಟಗೇರಿಗೆ ಮಾಡುತ್ತಿದ್ದವರು.

ಇವತ್ತು ರಾತ್ರಿ ಯೋಹಾನ 10, ಒಳ್ಳೇ ಕುರುಬನ ಅಧ್ಯಾಯ. ಮಗಳೇ ಓದುತ್ತಾಳಂತೆ. ಮೂರು ವಾರದಿಂದ ಅಜ್ಜಿಯ ಹತ್ತಿರ ಅಕ್ಷರ ಕಲಿಯುತ್ತಿದ್ದಾಳೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ, ಅವ್ವ ಕಣ್ಣು ಮುಚ್ಚಿಕೊಂಡೇ ಮುಂದಿನ ಮಾತು ಹೇಳಿಕೊಡುತ್ತಾರೆ.