ಉಡಿಯಲ್ಲಿ ಹಾಕುವ ಖಣ ಹೊಲಿಸುವಂತಿರಲಿ

ನಿನ್ನೆ ಬಾಗಲಕೋಟೆಯಲ್ಲಿ ಮದುವೆ ಊಟ ಮುಗಿಸಿ ಹೊರಟಾಗ ಬೀಗರ ಕಡೆಯ ಹಿರಿಯರೊಬ್ಬರು ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ಖಣ, ಅಂದರೆ ಕುಪ್ಪಸದ ಬಟ್ಟೆ. ಮನೆಗೆ ಬಂದು ಬಿಚ್ಚಿದರೆ ಆಚೆ ಬದಿಯ ಬೆಳಕು ಕಾಣುವಷ್ಟು ತೆಳು ಪಾಲಿಯೆಸ್ಟರ್. ಎರಡು ತೋಳಿಗೂ ಸಾಲದು. ಮಡಿಕೆಯ ಗೆರೆಯಲ್ಲಿ ಬೇರೆ ಯಾರದೋ ಮನೆಯ ಕುಂಕುಮ ಕೂತಿತ್ತು. ಎಷ್ಟು ಉಡಿ ದಾಟಿ ಬಂದಿದೆಯೋ! ಹೊಲಿಸಲು ಬಾರದ ಖಣವನ್ನು ಮುತ್ತೈದೆಯ ಉಡಿಗೆ ಯಾಕೆ ಹಾಕಬೇಕು? ರಾತ್ರಿಯೆಲ್ಲ ಅದೇ ಸಂಕಟ.

ಹಿಂದೆ ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ, ಕುಮಾಸಿ ನಗರದ ಹತ್ತಿರ ಎರಡು ವರ್ಷ ಸ್ವಯಂಸೇವಕಿಯಾಗಿ ಗಣಿತ ಕಲಿಸಿದೆ. ರಜೆ ಸಿಕ್ಕಾಗಲೆಲ್ಲ ಬಾನ್‌ವೈರ್ ಎಂಬ ನೇಕಾರರ ಊರಿಗೆ ಓಡುತ್ತಿದ್ದೆ. ಅಲ್ಲಿ ಕೆಂಟೆ ಎಂಬ ಬಟ್ಟೆ ನೇಯುತ್ತಾರೆ. ಮಗ್ಗದ ಮುಂದೆ ಹಾಸಿನ ನೂಲು ಅಂಗಳದುದ್ದಕ್ಕೂ ಚಾಚಿರುತ್ತದೆ, ತುದಿಗೆ ಭಾರದ ಕಲ್ಲು. ಕಾಲ್ಬೆರಳ ಸಂದಿಯಲ್ಲಿ ಹಗ್ಗ ಹಿಡಿದು ತುಳಿಯುತ್ತ ಸುಮಾರು 4 ಇಂಚು ಅಗಲದ ಪಟ್ಟಿ ನೇಯುತ್ತಾರೆ. ಗಂಡಸು ಹೊದೆಯುವ ಒಂದು ಬಟ್ಟೆಗೆ ಅಂಥ 20ಕ್ಕೂ ಹೆಚ್ಚು ಪಟ್ಟಿ ಜೋಡಿಸಿ ಹೊಲಿಯಬೇಕು. ಪ್ರತಿ ನೇಯ್ಗೆಗೂ ಒಂದು ಹೆಸರು. 'ಅದ್ವಿನಾಸ' ಅಂದರೆ ಇದ್ದಬದ್ದ ಚಿತ್ತಾರವೆಲ್ಲ ಇದರಲ್ಲೇ ಮುಗಿಯಿತು ಅಂತ.

ಒಂದಿನ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಮುದುಕ ನೇಕಾರರೊಬ್ಬರು ನನ್ನ ಖಣದ ಕುಪ್ಪಸದ ತೋಳು ನೋಡಿ, 'ಈ ನೇಯ್ಗೆಯ ಹೆಸರೇನಮ್ಮಾ?' ಅಂದರು. ನನಗೆ ಗೊತ್ತಿರಲಿಲ್ಲ. ಖಣ ನೇಯುವ ಗುಳೇದಗುಡ್ಡದ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ನೆನೆದರೆ ಇವತ್ತಿಗೂ ಮೈ ಬೆವರುತ್ತದೆ. ರಾತ್ರಿ ಅವ್ವನಿಗೆ ಫೋನ್ ಹಚ್ಚಿದೆ.

'ಅದು ಆನಿ ಹೆಜ್ಜಿ. ಇನ್ನೊಂದು ತೇರಿಂದು ಐತಿ, ಟ್ರಂಕಿನ್ಯಾಗ. ಯಾಕವಾ, ಇಷ್ಟೊತ್ತಿನ್ಯಾಗ?'

ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಹೆಸರುಗಳೆಲ್ಲ ಅವಳ ಬಾಯಲ್ಲಿದ್ದವು. ನಾನು ಕೇಳಿರಲಿಲ್ಲ ಅಷ್ಟೇ.

ಘಾನಾದಲ್ಲೂ ಅಚ್ಚು ಹಾಕಿದ ಅಗ್ಗದ ಕೆಂಟೆ ಬಂದಿದೆ ಅಂತ ಯಾರಾದರೂ ಹೇಳಬಹುದು. ಹೌದು, ಸಂತೆಯಲ್ಲಿ ರಾಶಿ ಬಿದ್ದಿರುತ್ತದೆ. ಆದರೆ ನಾನು ಹೋದ ಮದುವೆಗಳಲ್ಲಿ ಮದುಮಕ್ಕಳ ಮೈಮೇಲೆ ಇದ್ದದ್ದು ಮಗ್ಗದ್ದೇ. ಆರು ವಾರಕ್ಕೊಮ್ಮೆ ಕುಮಾಸಿಯ ಅರಮನೆಯಲ್ಲಿ ನಡೆಯುವ ಅಕ್ವಾಸಿಡೇ ಹಬ್ಬಕ್ಕೆ ಅಜ್ಜನ ಕಾಲದ ಕೆಂಟೆ ಹೊದ್ದು ಬಂದವರನ್ನು ಕಂಡಿದ್ದೇನೆ.

'ನೂರು ಮಂದಿಗೆ ಆಯೇರು ಮಾಡೋರು, ಕೈಮಗ್ಗದ್ದು ಎಲ್ಲಿಂದ ತರೂಣು?' ಅಂತ ನಿನ್ನೆ ಅತ್ತಿಗೆ ಕೇಳಿದಳು. ನೂರು ಮಂದಿಗೆ ಬೇಡ ವೈನಿ. ಸೋದರತ್ತೆ, ಚಿಕ್ಕಮ್ಮ, ಅಕ್ಕತಂಗಿಯರು, ಇಷ್ಟು ಜನಕ್ಕೆ ಸಾಕು. ಉಳಿದವರಿಗೆ ಕೊಬ್ಬರಿ ಬಟ್ಟಲು ಕೊಟ್ಟು ಕೈ ಮುಗಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಂದೇ ದಿನಕ್ಕೆ ಬಾಡುವ ಸ್ಟೇಜಿನ ಹೂವಿಗೆ ರೊಕ್ಕ ಇದ್ದ ಮನೆಯಲ್ಲಿ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನ ಖಣಕ್ಕೆ ಮಾತ್ರ ರೊಕ್ಕ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ.

ತಂಗಿ ಮಗಳ ಮದುವೆ ಮುಂದಿನ ತಿಂಗಳು. ಖಣದ ಜವಾಬ್ದಾರಿ ನಂದು ಅಂತ ಹೇಳಿಬಿಟ್ಟಿದ್ದೇನೆ. ಭಾನುವಾರ ಅವ್ವನನ್ನು ಕರೆದುಕೊಂಡು ಗುಳೇದಗುಡ್ಡಕ್ಕೆ ಹೊರಟಿದ್ದೇನೆ. ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ, ಬರುವವರು ಹೇಳಿ.