ನಾನು ಕೈ ಕೊಟ್ಟ ಜಾಹೀರಾತು

ನಾನು ಇಪ್ಪತ್ತು ವರ್ಷದಿಂದ ತಾಯಿ. ಆದರೂ ತಾಯಿಯ ಪಾತ್ರಕ್ಕೆ ನಾನು ಆಯ್ಕೆಯಾಗಲಿಲ್ಲ. ಬೇಡ ಅಂದಿದ್ದು ಬೇರೆ ಯಾರೂ ಅಲ್ಲ, ನನ್ನನ್ನು ತಾಯಿ ಮಾಡಿದ ಮಗಳೇ.

ಮಗಳು ಕಾಲೇಜಿನಲ್ಲಿ ಮಾಸ್ ಮೀಡಿಯಾ ಓದುತ್ತಾಳೆ. ಮೊದಲು ಇದಕ್ಕೆ ಬಿಎಂಎಂ ಅನ್ನುತ್ತಿದ್ದರು. ನಾನು ಅದನ್ನು ಬಾಯಿಪಾಠ ಮಾಡಿಕೊಳ್ಳುವಷ್ಟರಲ್ಲಿ ಬಿಎಎಂಎಂಸಿ ಆಯಿತು. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಯಾರಾದರೂ ‘ಮಗಳು ಏನು ಓದ್ತಾಳೆ’ ಅಂತ ಕೇಳಿದರೆ ಬೆರಳು ಮಡಚಿ ಅಕ್ಷರ ಎಣಿಸಿಕೊಂಡೇ ಹೇಳಬೇಕು. ‘ಓ, ಟೀವಿಯಲ್ಲಿ ಬರ್ತಾಳಾ?’ ಅನ್ನುತ್ತಾರೆ. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ, ಊಟಕ್ಕಂತೂ ಕರೆದಾಗ ಬರುವುದಿಲ್ಲ.

ಈ ಸಲ ಅವರಿಗೆ ಜಾಹೀರಾತು ಮಾಡುವ ಕೆಲಸ ಕೊಟ್ಟಿದ್ದರು. ಐದು ಜನರ ಗುಂಪು, 30 ಸೆಕೆಂಡಿನ ಜಾಹೀರಾತು. ಇರುವ ಕಂಪನಿಯ ಹೆಸರು ಬಳಸಬಾರದು. ಸರಕನ್ನು ತಾವೇ ಕಲ್ಪಿಸಿಕೊಳ್ಳಬೇಕು. ಖರ್ಚು ಐನೂರು ರೂಪಾಯಿ ದಾಟಬಾರದು. ಈ ಕೊನೆಯ ಷರತ್ತು ಟೀಚರ್ ಹಾಕಿದ್ದಲ್ಲ, ನಮ್ಮ ಯಜಮಾನರು ಹಾಕಿದ್ದು.

ಗುಂಪು ನಮ್ಮ ಹಾಲ್‌ನಲ್ಲೇ ಸೇರಿತು. ಮೊದಲು ಸೆಂಟ್ ಬಾಟಲಿಯ ಜಾಹೀರಾತು ಅಂದರು. ಅದಕ್ಕೆ ಸಮುದ್ರ, ಸೂರ್ಯಾಸ್ತ, ಒಂದು ಬಿಳಿ ಕುದುರೆ ಬೇಕಂತೆ. ಸಮುದ್ರ, ಸೂರ್ಯ ಇಬ್ಬರೂ ಪುಕ್ಕಟೆ. ಕುದುರೆಯವನು ಕೇಳಿದ ದುಡ್ಡಿಗೆ ಕುದುರೆಯ ಬಾಲವೂ ಬರುವಂತಿರಲಿಲ್ಲ. ಆಮೇಲೆ ಬೈಕ್ ಅಂದರು. ಬೈಕ್ ಓಡಿಸೋಕೆ ಯಾರಿಗೂ ಲೈಸೆನ್ಸ್ ಇಲ್ಲ. ಹೀಗೇ ಮೂರು ಗಂಟೆ ಮಾತಾಡಿ ಹೊಟ್ಟೆ ಹಸಿದಾಗ ನಾನು ಅನ್ನ, ಸಾರು ಬಡಿಸಿದೆ. ಕ್ಯಾಮೆರಾದ ಹುಡುಗ ಮರಾಠಿಯವನು. ಎರಡನೇ ಸಲ ಹಾಕಿಸಿಕೊಂಡು, ‘ಕಾಕೂ, ಸಾರ್ ಮಸ್ತ್ ಆಹೆ’ ಅಂದ. ಅಂದರೆ, ಚಿಕ್ಕಮ್ಮಾ, ಸಾರು ಭಾರಿ ಚೆನ್ನಾಗಿದೆ. ಮರಾಠಿಯಲ್ಲೂ ಟೊಮೆಟೊ ಸಾರ್, ಕೋಕಂ ಸಾರ್ ಅಂತಾರೆ. ಒಂದು ‘ಉ’ ಬಿಟ್ಟರೆ ನಮ್ಮದೇ ಮಾತು. ಅಲ್ಲಿಗೆ ಸರಕು ಸಿಕ್ಕಿತು: ಸಾರಿನ ಪುಡಿ. ಘೋಷವಾಕ್ಯವೂ ಸಿಕ್ಕಿತು, ಹಿಂದಿಯಲ್ಲಿ: ‘ಮಾಂ ಕೇ ಹಾಥ್ ಕಾ ಸ್ವಾದ್’. ಅಂದರೆ ಅಮ್ಮನ ಕೈರುಚಿ.

ಇಷ್ಟಾದ ಮೇಲೆ ಅಮ್ಮ ಯಾರು ಅಂತ ಕೇಳುವ ಅಗತ್ಯವೇ ನನಗೆ ಕಾಣಲಿಲ್ಲ. ಸಾರು ನನ್ನದು, ಅಡುಗೆಮನೆ ನನ್ನದು, ಡೈರೆಕ್ಟರ್ ನನ್ನ ಮಗಳು. ಅವತ್ತೇ ರಾತ್ರಿ ಕೂದಲಿಗೆ ಬಣ್ಣ ಹಚ್ಚಿಕೊಂಡೆ. ಇಳಕಲ್ ಸೀರೆಗೆ ಇಸ್ತ್ರಿ ಮಾಡಿಸಿದೆ. ಕನ್ನಡಿ ಮುಂದೆ ನಿಂತು ಸೌಟು ಹಿಡಿದು ನಗುವುದನ್ನು ಅಭ್ಯಾಸ ಮಾಡಿದೆ. ಯಜಮಾನರು ನೀರು ಕುಡಿಯೋಕೆ ಎದ್ದವರು ನೋಡಿ, ಏನೂ ಕೇಳದೆ ವಾಪಸ್ ಹೋಗಿ ಮಲಗಿದರು.

ಮರುದಿನ ಆಡಿಷನ್. ಮಗಳು ಫೋನ್‌ನಲ್ಲಿ ನೋಡಿ, ಹಿಂದೆ ಸರಿದು ನೋಡಿ, ಕತ್ತು ಓರೆ ಮಾಡಿ ನೋಡಿ ಕೊನೆಗೆ ಹೇಳಿದಳು: ‘ಅಮ್ಮಾ, ನೀನು ಅಮ್ಮನ ಥರ ಕಾಣ್ತಿಲ್ಲ.’

ನಾನು ಸುಮ್ನೆ ನಿಂತೆ. ಕ್ಯಾಮೆರಾದ ಹುಡುಗ ಸಮಾಧಾನ ಮಾಡುವ ದನಿಯಲ್ಲಿ, ‘ಕಾಕೂ, ಸ್ವಲ್ಪ ಸಿಟ್ಟು ಕಡಿಮೆ ಮಾಡಿದರೆ ಆಗಬಹುದು’ ಅಂದ. ನಾನು ಆಗ ನಗುತ್ತಿದ್ದೆ.

ಆಮೇಲೆ ಟೀವಿ ಹಾಕಿ ಕೂತು ಜಾಹೀರಾತುಗಳ ತಾಯಂದಿರನ್ನು ಗಮನವಿಟ್ಟು ನೋಡಿದೆ. ಮಗಳ ಮಾತು ಸುಳ್ಳಲ್ಲ. ಅವರಿಗೆ ವಯಸ್ಸು ಇಪ್ಪತ್ತೆಂಟು, ಮಗನಿಗೆ ಹತ್ತು. ಬಿಳಿ ಕುರ್ತಾ ಹಾಕಿಕೊಂಡು ಅರಿಶಿನದ ಅಡುಗೆ ಮಾಡುತ್ತಾರೆ. ಒಲೆ ಮುಂದೆ ಕೂದಲು ಬಿಟ್ಟುಕೊಂಡಿರುತ್ತಾರೆ. ಮಗ ಮೈಯೆಲ್ಲ ಕೆಸರು ಮಾಡಿಕೊಂಡು ಬಂದರೆ ನಗುತ್ತಾರೆ! ಇಷ್ಟು ವರ್ಷದಲ್ಲಿ ಕೆಸರು ನೋಡಿ ನಾನು ಒಮ್ಮೆಯೂ ನಕ್ಕಿಲ್ಲ. ಮುಂಬೈ ಮಳೆಗಾಲದಲ್ಲಿ ನಗುತ್ತಾ ಕೂತರೆ ಬಟ್ಟೆ ಒಗೆಯುವವರು ಯಾರು?

ಹಾಗಾಗಿ ತಾಯಿಯ ಪಾತ್ರ ಅವಳ ಕ್ಲಾಸಿನ ಹುಡುಗಿಗೆ ಹೋಯಿತು. ಅವಳಿಗೂ ಇಪ್ಪತ್ತೇ. ನನ್ನ ಇಳಕಲ್ ಸೀರೆಯೂ ಅವಳಿಗೇ ಹೋಯಿತು. ಆದರೆ ಒಂದು ತೊಂದರೆ ಬಂತು. ಹುಡುಗಿ ಸೌಟನ್ನು ಪೆನ್ ಹಿಡಿದ ಹಾಗೆ ಹಿಡಿದಳು. ಒಗ್ಗರಣೆಗೆ ಸಾಸಿವೆ ಹಾಕು ಅಂದರೆ ಹಾಕಿ, ಸಿಡಿದ ಕೂಡಲೇ ಕಿರುಚಿ ಹಾಲ್‌ವರೆಗೆ ಓಡಿದಳು. ಗುಂಪು ಮತ್ತೆ ಗುಸುಗುಸು ಮಾಡಿತು. ಮಗಳು ಬಂದು ಬಹಳ ಪ್ರೀತಿಯಿಂದ ನನ್ನ ಕೈ ಹಿಡಿದುಕೊಂಡಳು. ಹಿಡಿದದ್ದು ಪ್ರೀತಿಗಲ್ಲ, ನೋಡೋದಕ್ಕೆ. ‘ಕ್ಲೋಸಪ್‌ಗೆ ನಿನ್ನ ಕೈ ಇರಲಿ ಅಮ್ಮಾ’ ಅಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಪಾತ್ರ ಕೈಗೆ ಬಂತು, ಮುಖಕ್ಕೆ ಬರಲಿಲ್ಲ. ಯಜಮಾನರಿಗೆ ಹೇಳಿದೆ, ‘ನನ್ನ ಕೈ ಮಾತ್ರ ತಗೋತಾರಂತೆ.’ ‘ಮದುವೆಯಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ’ ಅಂದರು.

ಶೂಟಿಂಗ್‌ಗೆ ಸಾಮಾನು ತರೋಕೆ ಮುಂಬೈಯ ದಕ್ಷಿಣದವರ ಪೇಟೆ ಮಾಟುಂಗಾಕ್ಕೆ ಹೋದೆ. ಡೊಂಬಿವಲಿಯಲ್ಲಿ ಎಲ್ಲವೂ ಸಿಗುತ್ತದೆ. ಆದರೂ ಒಳ್ಳೆಯ ಬಾಳೆಎಲೆ, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ ಅಂದರೆ ನಮ್ಮವರ ಕಾಲು ತಾವಾಗಿ ಸೆಂಟ್ರಲ್ ಲೈನ್ ಹಿಡಿದು ಅಲ್ಲಿಗೇ ಹೋಗುತ್ತವೆ. ಬ್ಯಾಡಗಿಯೇ ಬೇಕು ಅಂತ ಹಟ ಮಾಡಿದ್ದು ನಾನು. ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಜಾಹೀರಾತಿಗೆ ಅದಕ್ಕಿಂತ ತಕ್ಕ ಮೆಣಸಿನಕಾಯಿ ಇನ್ನೊಂದಿಲ್ಲ. ಬಾಳೆಎಲೆಯನ್ನು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ತಲೆ ಮೇಲೆ ಎತ್ತಿ ಹಿಡಿದುಕೊಂಡು ಬಂದೆ. ಕುರ್ಲಾದಲ್ಲಿ ಒಂದು ಹರಿಯಿತು, ಥಾಣೆಯಲ್ಲಿ ಎರಡು. ಡೊಂಬಿವಲಿಯಲ್ಲಿ ಇಳಿದಾಗ ಉಳಿದದ್ದು ಒಂದೇ, ಅದೂ ಅರ್ಧ. ‘ಕ್ಲೋಸಪ್‌ಗೆ ಅರ್ಧ ಸಾಕು’ ಅಂದಳು ಮಗಳು. ಅವಳಿಗೆ ಎಲ್ಲವೂ ಅರ್ಧವೇ ಸಾಕು.

ಭಾನುವಾರ ಬೆಳಗ್ಗೆ ಶುರು. ಸೌಂಡ್ ನೋಡಿಕೊಳ್ಳುವ ಹುಡುಗಿ ಬಂದವಳೇ ಫ್ಯಾನ್ ಆರಿಸಿದಳು. ಗುಂಯ್ ಅನ್ನುತ್ತೆ ಅಂತ ಫ್ರಿಜ್ಜನ್ನೂ ಆರಿಸಿದಳು. ಆಮೇಲೆ ಅವಳ ಗಮನ ನನ್ನ ಬಳೆಗಳ ಮೇಲೆ ಬಿತ್ತು. ‘ಆಂಟಿ, ಬಳೆ ತೆಗೀರಿ, ಸದ್ದು ಬರುತ್ತೆ.’

ಅತ್ತೆ ದೇವರ ಕೋಣೆಯಿಂದಲೇ, ‘ಬಳೆ ತೆಗೆಯೋದಾ?’ ಅಂದರು. ಅವರಿಗೆ ಎಂಬತ್ತು ದಾಟಿದೆ. ಜಪ ನಡೆಯುವಾಗ ಕಿವಿ ಇನ್ನೂ ಚುರುಕು. ಮಗಳು ಅಜ್ಜಿಯನ್ನು ಒಲಿಸಿಕೊಳ್ಳೋಕೆ ನೋಟ್ಸ್ ತೆಗೆದಳು. 1967ರಲ್ಲಿ ವಿವಿಧ ಭಾರತಿಯಲ್ಲಿ ಜಾಹೀರಾತು ಶುರುವಾದದ್ದು ನಮ್ಮ ಮುಂಬೈ, ಪುಣೆ, ನಾಗ್ಪುರದಲ್ಲೇ, ದೂರದರ್ಶನದಲ್ಲಿ 1976ರಲ್ಲಿ ಅಂತೆಲ್ಲ ಓದಿದಳು. ‘ನನಗೇನು ಹೇಳ್ತೀಯಾ, ಕೇಳಿದವಳು ನಾನು’ ಅಂದರು ಅತ್ತೆ. ‘ರೇಡಿಯೋದಲ್ಲಿ ಮುಖ ಕಾಣ್ತಿರಲಿಲ್ಲ. ಬಳೆ ಸದ್ದು ಕೇಳಿದರೇ ಮನೆಯಲ್ಲಿ ಹೆಂಗಸಿದ್ದಾಳೆ ಅಂತ ಗೊತ್ತಾಗ್ತಿತ್ತು. ನೀವು ಮುಖವನ್ನೂ ತೋರಿಸಲ್ಲ, ಸದ್ದೂ ಬೇಡ ಅಂತೀರಿ.’ ಆ ಕ್ಷಣದಲ್ಲಿ ಅತ್ತೆಯ ಮೇಲೆ ನನಗೆ ಎಂದೂ ಹುಟ್ಟದ ಪ್ರೀತಿ ಹುಟ್ಟಿತು. ಕೊನೆಗೆ ರಾಜಿಯಾಯಿತು. ಬಳೆಗಳನ್ನು ಮೊಣಕೈ ಕಡೆಗೆ ತಳ್ಳಿ ರಬ್ಬರ್ ಬ್ಯಾಂಡ್ ಕಟ್ಟಿದರು. ರಕ್ತ ಓಡಾಟ ನಿಂತು ಬೆರಳು ಬೆಳ್ಳಗಾದವು. ಕ್ಯಾಮೆರಾಕ್ಕೆ ಅದೇ ಚೆನ್ನಾಗಿತ್ತಂತೆ.

ಕೈ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆಗಳಿದ್ದವು. ಮೇಕಪ್ ಹುಡುಗಿ ಅದರ ಮೇಲೆಲ್ಲ ಫೌಂಡೇಶನ್ ಬಳಿದಳು. ಕುದಿಯುವ ಸಾರಿನ ಹಬೆಗೆ ಅದು ಕರಗಿ ಸಾರಿಗೇ ಇಳಿಯಿತು. ಅಡುಗೆಗೆ ಅಡಿಪಾಯ ಹಾಕಿದವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಇಷ್ಟೆಲ್ಲ ಹಬೆ ಬಂದರೂ ಕ್ಯಾಮೆರಾದಲ್ಲಿ ಹಬೆ ಕಾಣಲಿಲ್ಲ. ಬಿಳಿ ಟೈಲ್ಸ್ ಮುಂದೆ ಬಿಳಿ ಹಬೆ ಹೇಗೆ ಕಾಣುತ್ತದೆ? ಹಿಂದೆ ಕಪ್ಪು ಇರಬೇಕು, ಬೆಳಕು ಹಿಂದಿನಿಂದ ಬೀಳಬೇಕು ಅಂತ ಹುಡುಗ ಕಂಡುಹಿಡಿದ. ಊರಿಂದ ತಂದ ಕರಿ ಕಂಬಳಿಯನ್ನು ಗೋಡೆಗೆ ಕಟ್ಟಿದರು. ಟ್ಯೂಬ್‌ಲೈಟ್ ಹಾಕಿದರೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಏಣಿ ಹತ್ತುವ ಹಾಗೆ ಹೋಗತೊಡಗಿದವು. ನಮ್ಮ ಕರೆಂಟು 50 ಹರ್ಟ್ಜ್, ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಎರಡಕ್ಕೂ ತಾಳ ಕೂಡುವುದಿಲ್ಲ ಅಂದ. 25ಕ್ಕೆ ಇಳಿಸಿ, ಷಟರ್ 50ಕ್ಕೆ ಇಟ್ಟ ಮೇಲೆ ಪಟ್ಟೆ ಹೋಯಿತು. ಯಜಮಾನರು ಪೇಪರ್ ಹಿಂದಿನಿಂದ ಲೆಕ್ಕ ಹಾಕಿದರು: ‘30 ಸೆಕೆಂಡಿಗೆ 750 ಫೋಟೋ. ನಮ್ಮ ಮದುವೆ ಆಲ್ಬಂನಲ್ಲಿ ಎಪ್ಪತ್ತೂ ಇಲ್ಲ.’ ನಿಜ. ಅದರಲ್ಲೂ ಇಪ್ಪತ್ತರಲ್ಲಿ ಅವರ ಸೋದರಮಾವನೇ ಇದ್ದಾರೆ.

ಇದೆಲ್ಲ ಸರಿಹೋಗುವಷ್ಟರಲ್ಲಿ ಸಾರು ಆರಿ ತಣ್ಣಗಾಗಿತ್ತು. ಬಿಸಿ ಮಾಡಿದರೆ ಬೇಳೆ ತಳ ಹಿಡಿಯಿತು. ಆಗ ಮಗಳು ಅತ್ತೆಯ ಊದುಬತ್ತಿ ತಂದು ಬಟ್ಟಲಿನ ಹಿಂದೆ ಬಚ್ಚಿಟ್ಟು ಹಚ್ಚಿದಳು. ಅಬ್ಬಾ, ಎಂಥ ಹಬೆ! ಮೇಲೆ ಹೊಳಪಿಗೆ ಎರಡು ಚಮಚ ಎಣ್ಣೆ ಬಿಟ್ಟಳು. ಜಾಹೀರಾತು ನಿಜ ಹೇಳಬೇಕು, ಅದನ್ನು ನೋಡಿಕೊಳ್ಳೋಕೆ 1985ರಿಂದ ಒಂದು ಮಂಡಳಿಯೇ ಇದೆ, ಅದರ ಆಫೀಸು ಮುಂಬೈಯಲ್ಲೇ ಇದೆ ಅಂತ ಹಿಂದಿನ ರಾತ್ರಿ ಗಟ್ಟಿಯಾಗಿ ಓದಿದವಳೂ ಇವಳೇ. ಕೇಳಿದ್ದಕ್ಕೆ, ‘ಅದು ಪರೀಕ್ಷೆಗೆ ಅಮ್ಮಾ, ಇದು ಪ್ರಾಕ್ಟಿಕಲ್’ ಅಂದಳು.

ಆ ಸಾರನ್ನು ಉಣ್ಣಬೇಕಾದವನು ಎದುರುಮನೆಯ ಹತ್ತು ವರ್ಷದ ಹುಡುಗ. ಒಂದು ತುತ್ತು ತಿಂದು ‘ಔರ್ ಚಾಹಿಯೇ’, ಅಂದರೆ ಇನ್ನೂ ಬೇಕು, ಅನ್ನಬೇಕು. ಮೊದಲ ಟೇಕ್‌ನಲ್ಲಿ ಅದ್ಭುತವಾಗಿ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ರೆಕಾರ್ಡ್ ಒತ್ತಿರಲಿಲ್ಲ. ಎಂಟನೇ ಟೇಕ್‌ಗೆ ಬರುವಷ್ಟರಲ್ಲಿ ಎಣ್ಣೆ, ಗಂಧ, ಫೌಂಡೇಶನ್ ಎಲ್ಲ ಸೇರಿದ ಆ ಸಾರು ತಿಂದು ಅವನ ಮುಖ ಹುಣಸೇಹಣ್ಣಾಗಿತ್ತು. ‘ಔರ್ ನಹೀ ಚಾಹಿಯೇ, ಮಮ್ಮೀ’ ಅಂತ ಅಳುತ್ತಾ ಎದುರುಮನೆಗೆ ಓಡಿದ. ಇಡೀ ದಿನದಲ್ಲಿ ಯಾರಾದರೂ ಹೇಳಿದ ಅತ್ಯಂತ ಪ್ರಾಮಾಣಿಕ ಡೈಲಾಗು ಅದೇ. ಅವನನ್ನು ವಾಪಸ್ ಕರೆತರೋಕೆ ಎರಡು ಚಾಕೊಲೇಟ್, ಒಂದು ವಡಾಪಾವ್ ಬೇಕಾಯಿತು. ಕೊನೆಗೆ ಬಟ್ಟಲಿನಲ್ಲಿ ಕೋಲಾ ಕಲಸಿದ ಅನ್ನ ಕೊಟ್ಟು ‘ಔರ್ ಚಾಹಿಯೇ’ ಅನ್ನಿಸಿದರು. ಅದನ್ನು ಅವನು ಮನಸಾರೆ ಅಂದ.

ಉಳಿದದ್ದು ಧ್ವನಿ. ಕಿಟಕಿ ಮುಚ್ಚಿ, ಎಲ್ಲರೂ ಉಸಿರು ಹಿಡಿದು ಕೂತೆವು. ತಾಯಿ ಪಾತ್ರದ ಹುಡುಗಿ ಮೈಕಿನ ಮುಂದೆ ಮೆಲ್ಲಗೆ ಹೇಳಿದಳು, ‘ಮಾಂ ಕೇ ಹಾಥ್ ಕಾ ಸ್ವಾದ್...’ ಕೆಳಗೆ ರಸ್ತೆಯಿಂದ ಬಂತು: ‘ಭಂಗಾಆಆರ್!’

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾಗಿ ಶಿರಸಿಯಿಂದ ಹೊಸದಾಗಿ ಬಂದಾಗ ಈ ಕೂಗು ಕೇಳಿ ನಾನು ಬಾಲ್ಕನಿಗೆ ಓಡಿದ್ದೆ. ಎಂಥ ಊರಪ್ಪಾ ಇದು, ಬಂಗಾರವನ್ನು ಕೈಗಾಡಿಯಲ್ಲಿ ಮಾರ್ತಾರೆ ಅಂತ. ನೋಡಿದರೆ ಹಳೇ ಬಕೆಟ್, ತುಕ್ಕು ಹಿಡಿದ ಕುರ್ಚಿ. ಮುಂಬೈಯಲ್ಲಿ ‘ಭಂಗಾರ್’ ಅಂದರೆ ಗುಜರಿ. ಒಂದು ಮಹಾಪ್ರಾಣದಲ್ಲಿ ಚಿನ್ನ ಕಸವಾಗುವ ಊರು ಇದು.

ಹನ್ನೊಂದು ಸಲ ರೆಕಾರ್ಡ್ ಮಾಡಿದರು. ಭಂಗಾರ್‌ನವನು ಹೋದರೆ ಚಾಕು ಸಾಣೆಯವನು, ಅವನು ಹೋದರೆ ಪಕ್ಕದ ಮನೆಯ ಕುಕ್ಕರ್. ಕೊನೆಗೆ ಇದ್ದುದರಲ್ಲಿ ಒಂದನ್ನು ಆರಿಸಿಕೊಂಡು ಮೇಲೆ ತಂಬೂರಿ ಸದ್ದು ಹಾಕಿದರು. ರಾತ್ರಿ ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನೀರು ಹರಿಯುತ್ತಿತ್ತು. ಫ್ರಿಜ್ ಹಾಕೋದು ಮರೆತಿದ್ದರು. ಹಾಲು ಒಡೆದಿತ್ತು. ದೋಸೆ ಹಿಟ್ಟು ಉಬ್ಬಿ ಕೆಳಗಿನ ತಟ್ಟೆಯ ತರಕಾರಿಗಳಿಗೆಲ್ಲ ಅಭಿಷೇಕ ಮಾಡಿತ್ತು. ಸಿನಿಮಾದವರು ಫ್ರಿಜ್ ಆರಿಸುವಾಗ ತಮ್ಮ ಗಾಡಿಯ ಕೀ ಅದರೊಳಗೇ ಇಡುತ್ತಾರಂತೆ, ಹೊರಡುವಾಗ ನೆನಪಾಗಲಿ ಅಂತ. ಇವರಿಗೆ ಗಾಡಿ ಎಲ್ಲಿದೆ? ಲೋಕಲ್ ಪಾಸ್ ಇಡಬೇಕಿತ್ತು.

ಕ್ಲಾಸಿನಲ್ಲಿ ತೋರಿಸಿದ ದಿನ ನಾನು ನೆಪ ಮಾತ್ರಕ್ಕೆ ಫೋನ್ ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ಸಂಜೆ ಮಗಳು ಬಂದು ಚಪ್ಪಲಿ ಬಿಟ್ಟು ಸೋಫಾದ ಮೇಲೆ ಬಿದ್ದಳು. ಕ್ಲಾಸಿನ ದೊಡ್ಡ ಸ್ಪೀಕರಿನಲ್ಲಿ ತಂಬೂರಿಯ ಹಿಂದಿನ ಸದ್ದೂ ಕೇಳಿಸಿತಂತೆ. ‘ಮಾಂ ಕೇ ಹಾಥ್ ಕಾ ಸ್ವಾದ್’ ಅಂದ ಕೂಡಲೇ ದೂರದಿಂದ ‘ಭಂಗಾರ್!’ ಇಡೀ ಕ್ಲಾಸು ಬೆಂಚು ಕುಟ್ಟಿಕೊಂಡು ನಕ್ಕಿತಂತೆ. ಬೇಕೆಂದೇ ಹಾಕಿದ್ದು ಅಂದುಕೊಂಡು ಟೀಚರ್ ಹಾಸ್ಯಕ್ಕೆ ಎರಡು ಅಂಕ ಜಾಸ್ತಿ ಕೊಟ್ಟರಂತೆ. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಒಂದು ಪ್ರಶ್ನೆ ಕೇಳಿದರಂತೆ: ‘ತಾಯಿಯ ಮುಖಕ್ಕೆ ಇಪ್ಪತ್ತು, ಕೈಗೆ ನಲವತ್ತೆಂಟು. ಇದು ಹೇಗೆ?’

‘ನೀನೇನಂದೆ?’ ಅಂತ ಕೇಳಿದೆ.

‘ಕೈ ತುಂಬಾ ಅನುಭವಿ ಕಲಾವಿದರದು ಅಂದೆ.’

ಆ ಮಾತಿಗೆ ಅವತ್ತು ಅವಳಿಗೆ ನೀರುದೋಸೆ ಮಾಡಿಕೊಟ್ಟೆ. ಮಾಡಿದ್ದು ತಪ್ಪಾಯಿತು. ಮುಂದಿನ ಸೆಮಿಸ್ಟರಿನ ಜಾಹೀರಾತು ಒಡೆದ ಹಿಮ್ಮಡಿಗೆ ಹಚ್ಚುವ ಕ್ರೀಮಿನದಂತೆ. ಮೊನ್ನೆಯಿಂದ ಗುಂಪು ಮತ್ತೆ ನಮ್ಮ ಹಾಲ್‌ನಲ್ಲಿ ಸೇರುತ್ತಿದೆ. ನಾನು ಚಹಾ ಕೊಡೋಕೆ ಹೋದಾಗಲೆಲ್ಲ ಐದೂ ಜನ ತಲೆ ತಗ್ಗಿಸಿ ನನ್ನ ಕಾಲನ್ನೇ ನೋಡುತ್ತಾರೆ. ನಿನ್ನೆ ಕ್ಯಾಮೆರಾದ ಹುಡುಗ ಪಿಸುಗುಟ್ಟಿದ್ದು ಕೇಳಿಸಿತು: ‘ಬಿಫೋರ್ ಶಾಟ್‌ಗೆ ಪರ್ಫೆಕ್ಟ್.’