ಉಗುರು ತೆಗೀರಿ ಅಂದರು ಡಾಕ್ಟರು

ನಮ್ಮ ಮನೆಗೆ ಮುಧೋಳದಿಂದ ಒಂದು ನಾಯಿಮರಿ ಬಂದಿದೆ. ಎರಡು ತಿಂಗಳ ಮರಿ. ಮೈಯೆಲ್ಲ ಕಾಲು, ಕಾಲೆಲ್ಲ ಎಲುಬು. ಹೆಸರು ಗುಂಡ್ಯಾ. ಮುಧೋಳ ತಳಿಗೆ ಇದಕ್ಕಿಂತ ಒಪ್ಪದ ಹೆಸರು ಸಿಗಲಿಕ್ಕಿಲ್ಲ. ಆದರೆ ಅವ್ವ ಇಟ್ಟ ಹೆಸರು, ಮೇಲ್ಮನವಿಗೆ ಅವಕಾಶವಿಲ್ಲ.

ಮೊನ್ನೆ ಚುಚ್ಚುಮದ್ದಿಗೆ ಅಂತ ದನದ ದವಾಖಾನೆಗೆ ಒಯ್ದಿದ್ದೆ. ಡಾಕ್ಟರು ಸೂಜಿ ಚುಚ್ಚಿದರು, ಮುಂಗಾಲು ಎತ್ತಿ ನೋಡಿದರು, "ಮ್ಯಾಲಿನ ಉಗುರು ತಗೀರಿ" ಅಂದರು. ಅಷ್ಟೇ. ಹಿಂದೆ ಎರಡು ಎಮ್ಮೆ, ಒಂದು ಆಡು ಪಾಳಿ ಹಚ್ಚಿದ್ದವು. ನಾನು ಹೂಂ ಅಂದು ಎದ್ದು ಬಂದೆ.

ಅಲ್ಲಿಗೆ ಸುಮ್ನೆ ಇದ್ದಿದ್ದರೆ ಆಗುತ್ತಿತ್ತು. ಓಣಿಯಲ್ಲಿ ಬಾಯಿಬಿಟ್ಟೆ.

ನಾಯಿಯ ಮುಂಗಾಲಿನಲ್ಲಿ ನೆಲಕ್ಕೆ ಊರುವ ನಾಲ್ಕು ಬೆರಳು ಬಿಟ್ಟು ಒಳಬದಿಗೆ, ಸ್ವಲ್ಪ ಮೇಲೆ, ಒಂದು ಒಂಟಿ ಉಗುರು ಇರುತ್ತದೆ ಅಲ್ವಾ, ಅದರ ಮಾತು ಇದು. ಡ್ಯೂ ಕ್ಲಾ ಅಂತಾರೆ. ಇಂಥದೊಂದು ಇದೆ ಅಂತ ನಮ್ಮ ಓಣಿಗೆ ಗೊತ್ತಾದದ್ದು ಸಂಜೆ ಆರಕ್ಕೆ. ಆರೂಕಾಲಿಗೆ ಎಲ್ಲರ ಹತ್ತಿರವೂ ಅದರ ಬಗ್ಗೆ ಗಟ್ಟಿ ಅಭಿಪ್ರಾಯ ಇತ್ತು. ಯಾವ ಚುಚ್ಚುಮದ್ದು ಹಾಕಿಸಿದ್ರಿ ಅಂತ ಒಬ್ಬರೂ ಕೇಳಲಿಲ್ಲ.

"ನೆಲಕ್ಕ ಹತ್ತೂದಿಲ್ಲ, ಕೆಲಸಕ್ಕ ಬರೂದಿಲ್ಲ. ತಗಸಿ ಒಗೀರಿ" ಅಂದರು ಎದುರು ಮನೆ ಕಾಕಾ. ಅವರು ರಿಟೈರ್ ಆಗಿ ಹನ್ನೊಂದು ವರ್ಷ. ಅವರ ಮನೆಯಲ್ಲಿ ಈ ತತ್ವವನ್ನು ಇನ್ನೂ ಯಾರೂ ಜಾರಿಗೆ ತಂದಿಲ್ಲ.

ಪಕ್ಕದ ಮನೆ ವೈನಿಯವರು ಇದಕ್ಕೆ ಒಪ್ಪಲಿಲ್ಲ. ಇಪ್ಪತ್ತು ಉಗುರಿನ ನಾಯಿ ಮನೆಗೆ ಲಕ್ಷ್ಮಿ ಇದ್ದಂಗ, ಮೊದಲು ಎಣಿಸ್ರಿ ಅಂದರು. ಎಣಿಸಿದೆವು. ಮೂವರು ಎಣಿಸಿದೆವು. ಕಾಕಾಗೆ ಹದಿನೇಳು ಸಿಕ್ಕವು, ನನಗೆ ಹದಿನೆಂಟು, ವೈನಿಯವರಿಗೆ ಇಪ್ಪತ್ತು. ಎಣಿಕೆ ನಡೆದಾಗ ಗುಂಡ್ಯಾ ಕಾಕಾನ ಧೋತರದ ಚುಂಗು ಕಡಿಯುತ್ತಿದ್ದ. ಲೆಕ್ಕ ಕಷ್ಟದ್ದೇನಲ್ಲ. ನಾಲ್ಕು ಕಾಲಿಗೆ ನಾಲ್ಕು ನಾಲ್ಕು ಅಂದರೆ ಹದಿನಾರು, ಮುಂಗಾಲಿನ ಎರಡು ಮೇಲುಗುರು ಸೇರಿ ಹದಿನೆಂಟು. ಹಿಂಗಾಲಿನಲ್ಲೂ ಇದ್ದರೆ ಇಪ್ಪತ್ತು. ಗುಂಡ್ಯಾನ ಹಿಂಗಾಲಿನಲ್ಲಿ ಇರಲಿಲ್ಲ. ಆದರೆ ಲಕ್ಷ್ಮಿಯ ವಿಷಯದಲ್ಲಿ ಕಣ್ಣಿಗೆ ಕಂಡದ್ದು ಸಾಕ್ಷಿ ಆಗುವುದಿಲ್ಲ.

ಆಮೇಲೆ ಹೆಡ್ ಮಾಸ್ತರರು ತಮ್ಮ ಅಂಚೆಚೀಟಿ ಪುಸ್ತಕ ತಂದರು. 2005ರಲ್ಲಿ ಅಂಚೆ ಇಲಾಖೆ ನಮ್ಮ ನಾಡಿನ ನಾಲ್ಕು ನಾಯಿಗಳ ಚೀಟಿ ತಂದಿತ್ತು. ಅದರಲ್ಲಿ ಮುಧೋಳ ನಾಯಿಯೂ ಒಂದು. ಸರಕಾರದ ನಾಯಿಗೆ ಮೇಲುಗುರು ಇದ್ದರೆ ನಮ್ಮದಕ್ಕೂ ಇರಲಿ, ಇಲ್ಲದಿದ್ದರೆ ತೆಗೆಸೋಣ ಅಂತ ಮಾಸ್ತರರ ಸೂಚನೆ. ಭೂತಗನ್ನಡಿ ಬಂತು. ಬಲ್ಬಿನ ಕೆಳಗೆ ಎಲ್ಲರೂ ಬಾಗಿ ನೋಡಿದೆವು. ಕಾಲು ಇರಬೇಕಾದ ಜಾಗದಲ್ಲಿ ಅಂಚೆ ಕಚೇರಿಯ ಕರಿ ಸೀಲು ಕೂತಿತ್ತು.

ವಕೀಲರೊಬ್ಬರು ಗಾಡಿ ನಿಲ್ಲಿಸಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ತೆಗೆದರು. ಹನ್ನೊಂದನೇ ಕಲಮಿನ ಪ್ರಕಾರ ಪ್ರಾಣಿಯ ಅಂಗ ಊನ ಮಾಡುವುದು ಅಪರಾಧ. ಆದರೆ ಅದೇ ಕಲಮಿನಲ್ಲಿ ದನದ ಕೋಡು ತೆಗೆಯಲು, ಮೂಗುದಾರ ಹಾಕಲು ವಿನಾಯಿತಿ ಇದೆ. "ಹಂಗಾದ್ರ ಉಗುರು ಕೋಡೋ, ಅಂಗೋ?" ಅಂತ ಕಾಕಾ ಕೇಳಿದರು. ವಕೀಲರು ಮುಂದಿನ ತಾರೀಖು ಕೊಟ್ಟು ಹೋದರು.

ನಮ್ಮದು ಬೆಳಗಾವಿ. ಇಲ್ಲಿ ಯಾವ ಪ್ರಶ್ನೆಯೂ ಬೇಗ ಮುಗಿದು ರೂಢಿ ಇಲ್ಲ. ಗಡಿ ಬಗ್ಗೆ ಮಹಾಜನ ವರದಿ ಬಂದದ್ದು 1967ರಲ್ಲಿ. ಸುಪ್ರೀಂ ಕೋರ್ಟಿಗೆ ದಾವೆ ಹೋದದ್ದು 2004ರಲ್ಲಿ. ಅಂಥ ಊರಿನಲ್ಲಿ ನಾಯಿ ಉಗುರಿನ ವಿಷಯಕ್ಕೆ ಎರಡೇ ಸಂಜೆಯಲ್ಲಿ ಬಹುಮತ ಬಂತು. ತಗಸೂದು. ಕಾಕಾನ ವಾದವೇ ಗೆದ್ದಿತು. ನೆಲಕ್ಕ ಹತ್ತೂದಿಲ್ಲ, ಕೆಲಸಕ್ಕ ಬರೂದಿಲ್ಲ.

ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರಿಯ ಚಿಂತೆಗಲ್ಲ, ಆ ವಾದದ ಚಿಂತೆಗೆ. ಹೈವೇಯಲ್ಲಿ ಹಲಗಾ ದಾಟುವಾಗ ಗುಡ್ಡದ ಮೇಲೆ ಬೆಳ್ಳಗೆ ಕಾಣುತ್ತದಲ್ಲ, ಸುವರ್ಣ ವಿಧಾನಸೌಧ, ಅದನ್ನು ನೆನೆಸಿಕೊಂಡೆ. 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದ್ದು. ಚಳಿಗಾಲದಲ್ಲಿ ಸುಮಾರು ಹತ್ತು ದಿನ ಅಧಿವೇಶನ. ಉಳಿದ ದಿನ? ಮೇಲೆ ಇರುತ್ತದೆ, ನೆಲಕ್ಕೆ ಹತ್ತುವುದಿಲ್ಲ, ಆದರೆ ಬೆಳೆಯದಂತೆ ಆಗಾಗ ಸವರುತ್ತಿರಬೇಕು. 2022ರಲ್ಲಿ ಅಲ್ಲಿ ಕಸ ಗುಡಿಸುವ ಒಬ್ಬ ಹೆಣ್ಣುಮಗಳು ಮುಂದಿನ ಜಾಗದಲ್ಲಿ ಶಾವಿಗೆ ಒಣಹಾಕಿದ್ದಳು. ಆ ಕಟ್ಟಡ ಅಧಿವೇಶನ ಇಲ್ಲದ ದಿನ ಜನರ ಉಪಯೋಗಕ್ಕೆ ಬಂದದ್ದು ನನಗೆ ತಿಳಿದಂತೆ ಅದೊಂದೇ ಸಲ. ಆಗ ತೆಗೆದದ್ದು ಯಾರನ್ನ? ಶಾವಿಗೆಯವಳನ್ನ. ಜನ ಛೀ ಅಂದ ಮೇಲೆ ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಕೆಲಸಕ್ಕೆ ಬಾರದ್ದು ಅಂತ ತೀರ್ಮಾನ ಮಾಡುವಾಗ ನಮ್ಮ ಕತ್ತರಿ ಯಾವಾಗಲೂ ಕೈಗೆ ಸಿಕ್ಕಿದ ಸಣ್ಣದರ ಕಡೆಗೇ ಹೋಗುತ್ತದೆ.

ಶುಕ್ರವಾರ ಮತ್ತೆ ದವಾಖಾನೆಗೆ ಹೋದೆ. ಈ ಸಲ ಎಮ್ಮೆ ಇರಲಿಲ್ಲ. "ಆಪರೇಶನ್ ಯಾವಾಗ ಮಾಡ್ತೀರಿ ಸರ್?" ಅಂದೆ.

"ಯಾರಿಗೆ?"

"ಇವನಿಗೆ. ನೀವೇ ಅಂದಿದ್ರಲ್ರಿ, ಉಗುರು ತಗೀರಿ ಅಂತ."

ಡಾಕ್ಟರು ನನ್ನ ಮುಖ ನೋಡಿದರು. ಗುಂಡ್ಯಾನ ಮುಖ ನೋಡಿದರು. ಇಬ್ಬರಲ್ಲಿ ಯಾರಿಗೆ ಹೇಳಿದರೆ ಬೇಗ ತಿಳಿದೀತು ಅಂತ ಲೆಕ್ಕ ಹಾಕಿದಂತೆ ಕಂಡಿತು. "ನಿಮ್ಮ ಮಗನ ಉಗುರು ತಗೀತೀರಲ್ಲ ರವಿವಾರ, ಹಂಗ ತಗೀರಿ ಅಂದಿದ್ದೆ. ಬೆರಳು ತಗೀರಿ ಅಂದಿದ್ನೇನು?"

ಆಮೇಲೆ ಮೇಜಿನ ಮೇಲೆ ನಿಲ್ಲಿಸಿ ತೋರಿಸಿದರು. ಮುಂಗಾಲಿನ ಆ ಉಗುರಿಗೆ ಒಳಗೆ ಎಲುಬು ಇದೆ, ನರ ಇದೆ. ಅದು ನಾಯಿಯ ಹೆಬ್ಬೆರಳು. ನಿಂತಾಗ ನೆಲಕ್ಕೆ ಹತ್ತುವುದಿಲ್ಲ, ನಿಜ. ಮುಧೋಳ ನಾಯಿ ಮೊಲದ ಹಿಂದೆ ಬಿದ್ದು ಗಕ್ಕನೆ ತಿರುಗಿದಾಗ ಮಣಿಕಟ್ಟು ಬಾಗಿ ನೆಲ ಮುಟ್ಟುತ್ತದೆ. ಆಗ ಊರಿ ಹಿಡಿಯುವುದು ಅದೇ. "ನಿಂತಾಗ ನೋಡಿ ತೀರ್ಪು ಕೊಟ್ಟೀರಿ, ಓಡೂ ಮುಂದ ನೋಡ್ರಿ" ಅಂದರು. ಹಿಂಗಾಲಿನಲ್ಲಿ ಬರೀ ಚರ್ಮಕ್ಕೆ ಜೋತುಬಿದ್ದ ಉಗುರಿದ್ದು, ಸಿಕ್ಕಿ ಹರಿಯುವಂತಿದ್ದರೆ ಆ ಮಾತು ಬೇರೆ. ತೆಗೆಸುವವರು ಮರಿ ಹುಟ್ಟಿದ ಮೂರರಿಂದ ಐದು ದಿನದೊಳಗೆ ತೆಗೆಸುತ್ತಾರೆ. ಆಗ ಮರಿಗೆ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಕತ್ತರಿಸಿದವರು ಯಾರು ಅಂತ ನೋಡುವ ಹಾಗೂ ಇಲ್ಲ. ಎರಡು ತಿಂಗಳಿಗೆ ತೆಗೆಸಬೇಕೆಂದರೆ ಮೈ ಮರೆಸಿ, ಬೆರಳನ್ನೇ ಕಡಿದು, ಹೊಲಿಗೆ ಹಾಕಬೇಕು. ಫ್ರಾನ್ಸಿನ ಬ್ರಿಯಾರ್ ನಾಯಿಗೆ ಹಿಂಗಾಲಿನಲ್ಲಿ ಎರಡೆರಡು ಮೇಲುಗುರು ಇರಲೇಬೇಕಂತೆ, ಇಲ್ಲದಿದ್ದರೆ ಶೋದಲ್ಲಿ ಫೇಲು. ನಮ್ಮ ಓಣಿಗೆ ಬಂದಿದ್ದರೆ ಪಾಪ, ಒಂದೇ ಸಭೆಯಲ್ಲಿ ನಾಲ್ಕೂ ಹೋಗುತ್ತಿದ್ದವು.

ದಾರಿಯಲ್ಲಿ ಏಕಲವ್ಯ ನೆನಪಾದ. ಅಲ್ಲೂ ಒಂದು ನಾಯಿ ಇತ್ತು. ನಾಯಿ ಬೊಗಳಿತು, ಹೆಬ್ಬೆರಳು ಹುಡುಗನದು ಹೋಯಿತು. ಇಲ್ಲಿ ನಾವು ಬೊಗಳಿದ್ದೆವು.

ಮನೆಗೆ ಬಂದಾಗ ಗುಂಡ್ಯಾಗೆ ಅವ್ವ ಒಂದು ತುಂಡು ಖಡಕ್ ರೊಟ್ಟಿ ಹಾಕಿದಳು. ಮೊದಲ ಸಲ ಕೂತು ಸರಿಯಾಗಿ ನೋಡಿದೆ. ಎರಡೂ ಮುಂಗಾಲು ಚಾಚಿ, ನಡುವೆ ರೊಟ್ಟಿ ನಿಲ್ಲಿಸಿ, ಎರಡೂ ಕಡೆಯಿಂದ ಆ 'ಕೆಲಸಕ್ಕೆ ಬಾರದ' ಉಗುರು ಒತ್ತಿ ಹಿಡಿದು ಕಟಂ ಕಟಂ ಅಂತ ಕಡಿಯುತ್ತಿದ್ದ. ಉಗುರು ಮಾತ್ರ ಉದ್ದ ಬೆಳೆದು ಕೊಕ್ಕೆಯಂತೆ ಒಳಗೆ ಬಾಗಿತ್ತು. ನೆಲಕ್ಕೆ ತಿಕ್ಕಿ ಸವೆಯುವುದಿಲ್ಲ, ಹಾಗೇ ಬಿಟ್ಟರೆ ಸುತ್ತಿ ಬಂದು ಮಾಂಸಕ್ಕೆ ಚುಚ್ಚುತ್ತದೆ. ಡಾಕ್ಟರು ಹೇಳಿದ್ದು ಇದನ್ನೇ, ತುದಿ ತೆಗೀರಿ ಅಂತ. ನೇಲ್ ಕಟರ್ ಹಿಡಿದು ಅಂಗಳಕ್ಕೆ ಬಂದೆ.

"ಏನ್ ಮಾಡಾಕತ್ತೀ?" ಅಂದಳು ಅವ್ವ.

"ಗುಂಡ್ಯಾನ ಉಗುರು ತಗೀತೀನಿ."

"ಶುಕ್ರವಾರ, ದೀಪಾ ಹಚ್ಚೂ ಹೊತ್ತು. ಉಗುರು ತಗೀತಾರೇನು?"

"ನಾಳೆ ತಗೀಲಾ?"

"ನಾಳೆ ಶನಿವಾರ."

"ನಾಡಿದ್ದು?"

ಅವ್ವ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ಕನ್ನಡಕ ಏರಿಸಿದಳು. "ಅಮಾಸಿ" ಅಂದಳು.